ಮಾತು ನಿಂತ ಮನೆಗೆ ಸಭೆ ಹೋದಾಗ: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಸುಮಾರು ನೂರೈವತ್ತು ಕುಟುಂಬಗಳಿರುವ ಒಂದು ಕ್ರೈಸ್ತ ಸಭೆಯಲ್ಲಿ ನಡೆದದ್ದು ಇದು. ಗುರುತು ಸಿಗಬಾರದೆಂದು ವಯಸ್ಸು, ಮನೆಯ ವಿವರ ಮುಂತಾದವನ್ನು ಬದಲಿಸಿದೆ. ತೆಗೆದುಕೊಂಡ ತೀರ್ಮಾನಗಳನ್ನೂ ಅವುಗಳ ಕ್ರಮವನ್ನೂ ಮುಟ್ಟಿಲ್ಲ. ಕಾಯಿಲೆ ಬಿದ್ದವರನ್ನು ‘ಹಿರಿಯರು’ ಎಂದೂ ಅವರ ಹೆಂಡತಿಯನ್ನು ‘ಅಕ್ಕ’ ಎಂದೂ ಕರೆದಿದೆ.

ಹಿರಿಯರಿಗೆ ಅರವತ್ತರ ಹತ್ತಿರ. ಎಷ್ಟೋ ವರ್ಷಗಳಿಂದ ಬೈಬಲ್ ತರಗತಿ ನಡೆಸುತ್ತಿದ್ದವರು. ಯಾರಾದರೂ ಆಸ್ಪತ್ರೆ ಸೇರಿದರೆ, ಯಾರ ಮನೆಯಲ್ಲಾದರೂ ಸಾವಾದರೆ, ಯಾರಾದರೂ ಕೆಲಸ ಕಳೆದುಕೊಂಡರೆ ಮೊದಲು ಬಾಗಿಲು ತಟ್ಟುತ್ತಿದ್ದವರು ಅವರೇ. ಸಂದರ್ಭಕ್ಕೆ ತಕ್ಕ ವಚನ, ಚಿಕ್ಕ ಪ್ರಾರ್ಥನೆ, ಹೊರಡುವಾಗ ಒಂದು ತಮಾಷೆ, ಇಷ್ಟು ಅವರ ಪದ್ಧತಿ. ಒಂದು ಬೆಳಿಗ್ಗೆ ಮೆದುಳಿನ ಎಡಭಾಗದ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯು ಬಡಿಯಿತು. ಬಲಗೈ ಪೂರ್ತಿ ಸ್ವಾಧೀನ ತಪ್ಪಿತು, ಬಲಗಾಲು ಅರ್ಧಂಬರ್ಧ. ಮಾತು ಹೋಯಿತು.

ಮಾತು ಹೋಯಿತು ಎಂದಷ್ಟೇ ಹೇಳಿದರೆ ಸಾಲದು. ಸಭೆ ಎಡವಿದ ಕಡೆಯೆಲ್ಲ ಈ ಒಂದು ಸಂಗತಿ ಸರಿಯಾಗಿ ತಿಳಿಯದೆಯೇ ಎಡವಿದ್ದು. ಅವರಿಗಾದದ್ದು ಅಫೇಸಿಯಾ. ಪಾರ್ಶ್ವವಾಯು ಬಡಿದವರಲ್ಲಿ ಸರಿಸುಮಾರು ಮೂವರಲ್ಲಿ ಒಬ್ಬರಿಗೆ ಇದು ಕಾಣಿಸಿಕೊಳ್ಳುತ್ತದೆ. ಬುದ್ಧಿ, ನೆನಪು, ಜನರ ಗುರುತು ಎಲ್ಲ ಇರುತ್ತವೆ. ಮನಸ್ಸಿನಲ್ಲಿರುವುದು ಪದವಾಗಿ ಬಾಯಿಗೆ ಬರುವುದಿಲ್ಲ. ಹಿರಿಯರದು ಬ್ರೋಕಾ ಬಗೆಯದು: ಎದುರಿನವರು ಹೇಳಿದ್ದು ಬಹುಪಾಲು ಅರ್ಥವಾಗುತ್ತದೆ, ತಿರುಗಿ ಹೇಳಲು ಹೊರಟರೆ ಒಂದೆರಡು ಪದದಾಚೆ ಹೊರಡುವುದಿಲ್ಲ. ಈ ಹೆಸರು ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ ಅವರಿಂದ ಬಂದದ್ದು. 1861ರಲ್ಲಿ ಅವರು ವರದಿ ಮಾಡಿದ ರೋಗಿ ಏನು ಕೇಳಿದರೂ ‘ಟಾನ್’ ಎನ್ನುತ್ತಿದ್ದ. ಸಿಟ್ಟು ನೆತ್ತಿಗೇರಿದಾಗ ಮಾತ್ರ ಒಂದು ಬೈಗುಳ ನುಣ್ಣಗೆ ಹೊರಬರುತ್ತಿತ್ತು. ಬೈಗುಳದ ಈ ಸಂಗತಿ ನೆನಪಿನಲ್ಲಿರಲಿ.

ಮೊದಲ ಆರು ವಾರ

ಪ್ರೀತಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಯಾರು, ಯಾವಾಗ, ಏತಕ್ಕೆ ಹೋಗಬೇಕು ಎಂಬ ಯೋಚನೆಗೆ. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರದಲ್ಲಿ ಒಂದೇ ದಿನ ಹನ್ನೊಂದು ಜನ ಬಂದುಹೋದರು. ಪ್ರತಿಯೊಬ್ಬರಿಗೂ ಅಕ್ಕ ಮೊದಲಿನಿಂದ ಕಥೆ ಹೇಳಬೇಕಾಯಿತು. ಎಲ್ಲರೂ ಮಾತಾಡಿದ್ದು ಅಕ್ಕನ ಜೊತೆ, ಹಿರಿಯರ ತಲೆಯ ಮೇಲಿಂದ: “ಇವತ್ತು ಊಟ ಮಾಡಿದ್ರಾ? ಗುರುತು ಹಿಡೀತಾರಾ?” ಅವರಿಗೆ ಎಲ್ಲ ಕೇಳಿಸುತ್ತಿತ್ತು, ಎಲ್ಲ ತಿಳಿಯುತ್ತಿತ್ತು. ಕೆಲವರು ಕಿವುಡರೊಡನೆ ಮಾತಾಡುವಂತೆ ದನಿ ಏರಿಸಿದರು. ಇನ್ನು ಕೆಲವರು ಅವರು ಪದ ಹುಡುಕುತ್ತಿದ್ದಾಗಲೇ ತಾವೇ ವಾಕ್ಯ ಮುಗಿಸಿಬಿಟ್ಟರು, ಅದೂ ತಪ್ಪಾಗಿ.

ಅಪಾಯದ ಅಂಚಿಗೆ ಹೋದ ಒಂದು ಘಟನೆ ಆಸ್ಪತ್ರೆಯಲ್ಲೇ ಆಗಿತ್ತು. ಪಾರ್ಶ್ವವಾಯು ಬಡಿದ ಹೊಸದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ನುಂಗುವ ತೊಂದರೆ ಇರುತ್ತದೆ. ಹಾಸಿಗೆಯ ತಲೆಗಡೆ ‘ಬಾಯಿಯ ಮೂಲಕ ಏನೂ ಕೊಡಬೇಡಿ’ ಎಂಬ ಫಲಕ ತೂಗುತ್ತಿತ್ತು. ಭೇಟಿಗೆ ಬಂದ ಒಬ್ಬರು ಒಣಗಿದ ತುಟಿ ಕಂಡು ಮರುಗಿ ಲೋಟದಲ್ಲಿ ನೀರು ಹಿಡಿದರು. ನರ್ಸ್ ಕಂಡು ತಡೆದದ್ದರಿಂದ ಉಳಿಯಿತು. ತೆಳುವಾದ ನೀರೇ ಇಂಥವರಿಗೆ ಹೆಚ್ಚು ಅಪಾಯ. ಅದು ಬೇಗ ಜಾರಿ ಶ್ವಾಸನಾಳಕ್ಕೆ ಇಳಿಯುತ್ತದೆ. ಕೆಲವರಿಗೆ ಆಗ ಕೆಮ್ಮೂ ಬರುವುದಿಲ್ಲ, ನೇರ ನ್ಯುಮೋನಿಯಾಕ್ಕೆ ತಿರುಗುತ್ತದೆ. ತಣ್ಣೀರಿನ ಲೋಟ ಕೊಡುವುದನ್ನು ಕ್ರಿಸ್ತನೇ ಹೊಗಳಿದ್ದಾನೆ (ಮತ್ತಾಯ 10:42), ನಿಜ. ಆದರೆ ಈ ಹಾಸಿಗೆಯ ಪಕ್ಕದಲ್ಲಿ ಕರುಣೆ ಎಂದರೆ ಮೊದಲು ಫಲಕ ಓದುವುದು.

ಇನ್ನೊಂದು ತಪ್ಪು ಓದು ಅಳುವಿನದು. ಹಾಡು ಶುರುವಾದೊಡನೆ ಹಿರಿಯರು ಬಿಕ್ಕಿಬಿಕ್ಕಿ ಅಳುತ್ತಿದ್ದರು. ಪವಿತ್ರಾತ್ಮನು ಮುಟ್ಟಿದ ಗುರುತು ಎಂದುಕೊಂಡು ಬಂದವರು ದನಿ ಏರಿಸಿ ಹಾಡಿದರು. ಅವರ ಅಳು ಇನ್ನೂ ಜೋರಾಯಿತು. ಮರುದಿನ ಯಾರೋ ಹೊರಗೆ ಮಳೆ ಎಂದಾಗಲೂ ಹಾಗೇ ಅತ್ತರು. ಪಾರ್ಶ್ವವಾಯುವಿನ ನಂತರ ಅಳು, ನಗುಗಳ ಹಿಡಿತ ಸಡಿಲವಾಗುವುದುಂಟು. ಗುರುತಿಸುವುದು ಕಷ್ಟವಿಲ್ಲ: ಸಂದರ್ಭಕ್ಕೆ ಹೊಂದದಷ್ಟು ಜೋರಾಗಿ, ಥಟ್ಟನೆ ಬರುತ್ತದೆ, ಥಟ್ಟನೆ ನಿಲ್ಲುತ್ತದೆ. “ದುಃಖ ಆಗ್ತಿದೆಯಾ?” ಎಂದು ಕೇಳಿದರೆ ಎಷ್ಟೋ ಸಲ ಇಲ್ಲವೆಂದು ತಲೆಯಾಡಿಸುತ್ತಾರೆ. ಆಗ ಸುತ್ತ ಗುಂಪುಗೂಡದೆ, ಸುಮ್ಮನೆ ಅರೆನಿಮಿಷ ಕಾದು, ವಿಷಯ ಬದಲಿಸಿದರೆ ಸಾಕು. ತೀರಾ ಹೆಚ್ಚಿದ್ದರೆ ಔಷಧವೂ ಇದೆ. ನಿಜವಾದ ದುಃಖದ ಅಳುವೂ ಇರುತ್ತದೆಂಬುದನ್ನು ಮರೆಯಬಾರದು. ಎರಡನ್ನೂ ಬೇರೆ ಮಾಡಲು ಕೇಳುವುದೊಂದೇ ದಾರಿ.

ಮಾತುಗಳು ಮಾಡಿದ ಗಾಯ ಬೇರೆ. ಒಬ್ಬರು ಬೈಬಲಿನ ಜಕರೀಯನ ಪ್ರಸ್ತಾಪ ಎತ್ತಿದರು: ದೇವದೂತನ ಮಾತು ನಂಬದ್ದಕ್ಕೆ ಅವನ ಬಾಯಿ ಕಟ್ಟಿತಲ್ಲ, “ಏನಾದರೂ ಅಪನಂಬಿಕೆ ಇದ್ದರೆ ಅರಿಕೆ ಮಾಡಿಕೊಳ್ಳಿ ಬ್ರದರ್.” ಮಾತೇ ಹೊರಡದವರು ಅರಿಕೆ ಮಾಡಿಕೊಳ್ಳುವುದು ಹೇಗೆಂದು ಅವರು ಯೋಚಿಸಿದಂತಿಲ್ಲ. ಎಲ್ಲ ಕಳೆದುಕೊಂಡ ಯೋಬನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಸುಮ್ಮನೆ ಕೂತಿದ್ದಷ್ಟು ಕಾಲ ಚೆನ್ನಾಗಿಯೇ ಇದ್ದರು. ಬಾಯಿ ತೆರೆದ ಮೇಲೆ ಕೆಟ್ಟರು. ಕುರುಡನನ್ನು ಕಂಡು ಪಾಪ ಮಾಡಿದವರು ಯಾರು ಎಂದು ಶಿಷ್ಯರು ಕೇಳಿದಾಗ, ಇವನೂ ಅಲ್ಲ ಇವನ ತಂದೆತಾಯಿಗಳೂ ಅಲ್ಲ ಎಂದು ಕ್ರಿಸ್ತನು ಆ ಪ್ರಶ್ನೆಯನ್ನೇ ಮುಚ್ಚಿದ (ಯೋಹಾನ 9:3). ಇಷ್ಟು ಗೊತ್ತಿದ್ದ ಸಭೆಯಲ್ಲೂ ಆ ಪ್ರಶ್ನೆ ಮತ್ತೆ ಬಂತು.

ಬಾಗಿಲು ಮುಚ್ಚಿದ್ದು

ಐದನೆಯ ವಾರ ಕೆಲವರು ಸೇರಿ ಉಪವಾಸ ಪ್ರಾರ್ಥನೆ ಮಾಡಿ ಮನೆಗೆ ಬಂದರು. ಪೇತ್ರನು ದೇವಾಲಯದ ಬಾಗಿಲಲ್ಲಿ ಕುಂಟನಿಗೆ ಹೇಳಿದ ಮಾತನ್ನೇ ಹೇಳಿ, “ಎದ್ದು ನಡೆಯಿರಿ” ಎನ್ನುತ್ತ ಕೈಹಿಡಿದು ಎಬ್ಬಿಸಲು ಹೋದರು. ಹಿಡಿದದ್ದು ಬಲಗೈ. ಸ್ವಾಧೀನವಿಲ್ಲದ ತೋಳಿನಲ್ಲಿ ಕೀಲನ್ನು ಬಿಗಿಹಿಡಿಯುವ ಸ್ನಾಯುಗಳು ಸಡಿಲಾಗಿರುತ್ತವೆ. ಎಳೆದರೆ ಭುಜ ತನ್ನ ಗೂಡಿನಿಂದ ಕೆಳಕ್ಕೆ ಜಾರುತ್ತದೆ. ನೋವಿಗೆ ಹಿರಿಯರು ಕಿರುಚಿದರು. ಕಿರುಚಿದ್ದು ಒಂದು ಕೆಟ್ಟ ಬೈಗುಳ, ಅಕ್ಷರಕ್ಷರ ಸ್ಪಷ್ಟವಾಗಿ.

ಕೋಣೆ ಸ್ತಬ್ಧವಾಯಿತು. ಐದು ವಾರದಲ್ಲಿ ಅವರ ಬಾಯಿಂದ ಬಂದ ಮೊದಲ ಸ್ಪಷ್ಟ ಮಾತು ಅದು. ಸಂಜೆಯೊಳಗೆ ಸಭೆಯಲ್ಲಿ ಗುಸುಗುಸು: ಹೃದಯದಲ್ಲಿ ತುಂಬಿರುವುದೇ ಬಾಯಲ್ಲಿ ಬರುತ್ತದೆಂದು ವಾಕ್ಯವೇ ಹೇಳುತ್ತದಲ್ಲ! ಇಷ್ಟು ವರ್ಷ ನಮಗೆ ಪಾಠ ಹೇಳಿದವರ ಒಳಗೆ ಇದಿತ್ತೇ?

ಅದೇ ವಾರ ಇನ್ನೊಂದು ಆಯಿತು. “ನನಗೆ ಈಗೀಗ ಪ್ರಾರ್ಥನೆ ಮಾಡೋಕೇ ಆಗ್ತಿಲ್ಲ” ಎಂದು ಅಕ್ಕ ಒಬ್ಬ ಗೆಳತಿಯ ಹತ್ತಿರ ಹೇಳಿಕೊಂಡಿದ್ದರು. ಆ ಗೆಳತಿ ಒಳ್ಳೆಯ ಮನಸ್ಸಿನಿಂದಲೇ ಅದನ್ನು ಸಭೆಯ ವಾಟ್ಸಾಪ್ ಗುಂಪಿಗೆ ಪ್ರಾರ್ಥನಾ ವಿನಂತಿಯಾಗಿ ಹಾಕಿದರು: ‘ಅಕ್ಕನ ನಂಬಿಕೆ ಕುಂದುತ್ತಿದೆ, ಪ್ರಾರ್ಥಿಸಿ.’ ಗುಟ್ಟು ಒಡೆಯುವುದಕ್ಕೆ ಪ್ರಾರ್ಥನಾ ವಿನಂತಿಗಿಂತ ಮರ್ಯಾದಸ್ಥ ದಾರಿ ಸಭೆಗಳಲ್ಲಿ ಬೇರೆ ಇಲ್ಲ. ಅಕ್ಕನ ಮೊಬೈಲಿಗೆ ಇಪ್ಪತ್ತಕ್ಕೂ ಹೆಚ್ಚು ಸಂದೇಶಗಳು ಬಂದವು, ಬಹುತೇಕ ವಚನಗಳು. ಆರನೆಯ ವಾರ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು: ‘ದಯವಿಟ್ಟು ಯಾರೂ ಬರಬೇಡಿ.’

ಚೀಟಿಯ ಮುಂದೆ ಸಭಾಪಾಲಕರು

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಸಮಿತಿಯಲ್ಲಿ ಎರಡು ಅಭಿಪ್ರಾಯಗಳಿದ್ದವು. ಇದು ಅವರ ಬಳಲಿಕೆ, ತಾನಾಗಿ ಸರಿಹೋಗುತ್ತದೆ, ಸುಮ್ಮನಿರೋಣ ಎಂಬುದು ಒಂದು. ಅವರು ಬೇಡವೆಂದರೂ ಹೋಗುವುದೇ ಪ್ರೀತಿ ಎಂಬುದು ಇನ್ನೊಂದು. ಸಭಾಪಾಲಕರು (ಪಾಸ್ಟರ್) ಎರಡನ್ನೂ ಒಪ್ಪಲಿಲ್ಲ. ಚೀಟಿಯನ್ನು ಗೌರವಿಸಿ ಒಳಗೆ ಹೋಗಲಿಲ್ಲ. ಹಾಗೆಂದು ಕೈಬಿಡಲೂ ಇಲ್ಲ. ಅಕ್ಕನಿಗೆ ಒಂದೇ ಸಂದೇಶ ಕಳಿಸಿದರು: ‘ಇದಕ್ಕೆ ಉತ್ತರ ಬೇಕಿಲ್ಲ. ಗುಂಪಿನಿಂದ ಆ ವಿನಂತಿ ತೆಗೆಸಿದ್ದೇವೆ. ನಿಮಗೆ ಬೇಕಾದ ಒಬ್ಬರ ಹೆಸರು ಹೇಳಿದರೆ ಅವರ ಹೊರತು ಇನ್ಯಾರೂ ಬರುವುದಿಲ್ಲ. ಸೋಮವಾರ ಇದನ್ನೇ ಮತ್ತೊಮ್ಮೆ ಕೇಳುತ್ತೇನೆ.’ ಎರಡನೆಯ ಸೋಮವಾರ ಅಕ್ಕ ಒಂದು ಹೆಸರು ಕಳಿಸಿದರು. ಸಭೆಯಲ್ಲಿ ಅಷ್ಟೇನೂ ಮುಂದೆ ಕಾಣಿಸಿಕೊಳ್ಳದ, ಕಡಿಮೆ ಮಾತಿನ ಒಬ್ಬ ಹೆಂಗಸು.

ಆ ಸಂದೇಶದಲ್ಲಿ ಕೆಲಸ ಮಾಡಿದ್ದು ಉತ್ತರ ಬೇಕಿಲ್ಲ ಎಂಬ ಮಾತು, ಮತ್ತು ಮುಂದಿನ ಸಲ ಯಾವ ದಿನ ಎಂಬ ಖಚಿತತೆ. “ಏನಾದರೂ ಬೇಕಿದ್ದರೆ ಹೇಳಿ” ಎಂಬ ವಾಡಿಕೆಯ ಮಾತು ಬಳಲಿದವರ ತಲೆಗೇ ಇನ್ನೊಂದು ಕೆಲಸ ಹೊರಿಸುತ್ತದೆ: ಏನು ಬೇಕೆಂದು ಯೋಚಿಸಬೇಕು, ಯಾರನ್ನು ಕೇಳಬೇಕೆಂದು ಹುಡುಕಬೇಕು, ಕೇಳಿ ಸಣ್ಣವರಾಗಬೇಕು.

ನಾಲ್ವರ ಏರ್ಪಾಡು

ಮಾರ್ಕ 2ರಲ್ಲಿ ಪಾರ್ಶ್ವವಾಯು ರೋಗಿಯೊಬ್ಬನನ್ನು ನಾಲ್ವರು ಹೊತ್ತು ತಂದು, ಛಾವಣಿ ತೆಗೆದು ಇಳಿಸುತ್ತಾರೆ. ಯೇಸು ನೋಡಿದ್ದು ಅವರ ನಂಬಿಕೆಯನ್ನು ಎಂದು ಅಲ್ಲಿ ಬರೆದಿದೆ. ಹಾಸಿಗೆಯ ಮೇಲಿದ್ದವನು ಒಂದು ಮಾತೂ ಆಡಿಲ್ಲ. ಸಭಾಪಾಲಕರು ಸಮಿತಿಯ ಮುಂದೆ ಈ ಭಾಗವನ್ನೇ ಓದಿ, ಹಿರಿಯರ ನಂಬಿಕೆಯನ್ನು ಅಳೆಯುವ ಕೆಲಸ ಇವತ್ತಿಗೆ ನಿಲ್ಲಲಿ, ಹೊರುವ ನಾಲ್ವರು ಯಾರೆಂದು ಮೊದಲು ಹೇಳಿ ಎಂದರು. ನಾಲ್ಕು ಹೆಸರು ಬಂದವು. ಅಕ್ಕ ಹೇಳಿದ ಹೆಂಗಸು ಮನೆಗೂ ಸಭೆಗೂ ನಡುವಿನ ಒಂದೇ ಕೊಂಡಿ; ಯಾವ ಸುದ್ದಿಯಾದರೂ ಅವರಿಂದಲೇ, ಅದೂ ಅಕ್ಕ ಓದಿ ಒಪ್ಪಿದ ಪದಗಳಲ್ಲೇ ಹೊರಗೆ ಹೋಗಬೇಕು. ಒಬ್ಬರು ಹಿರಿಯರ ಜೊತೆ ಕೂರುವವರು. ಒಬ್ಬರು ವಿಮೆ, ರಜೆ, ಆಸ್ಪತ್ರೆಯ ಕಾಗದಪತ್ರ ಮತ್ತು ಓಡಾಟಕ್ಕೆ. ನಾಲ್ಕನೆಯವರ ಕೆಲಸ ವಾರಕ್ಕೆ ಎರಡು ಸಲ ಮೂರು ಗಂಟೆ ಮನೆಯಲ್ಲಿದ್ದು ಅಕ್ಕನನ್ನು ಹೊರಗೆ ಕಳಿಸುವುದು. ಹೊರಗೆ ಹೋಗಿ ಏನು ಮಾಡಿದರೆಂದು ಕೇಳುವಂತಿಲ್ಲ. ಮೊದಲ ಎರಡು ವಾರ ಅಕ್ಕ ಕಾರಿನಲ್ಲಿ ಕೂತು ನಿದ್ದೆ ಮಾಡಿದರಂತೆ.

ಹಿರಿಯರ ಜೊತೆ ಕೂರುವವರಿಗೆ ಸ್ಪೀಚ್ ಥೆರಪಿಸ್ಟ್ ಒಂದು ಗಂಟೆ ಕಲಿಸಿದರು. ಅಫೇಸಿಯಾ ಇರುವ ಯಾರ ಮನೆಗೆ ಹೋಗುವವರಿಗೂ ಬೇಕಾದ್ದರಿಂದ ಇದನ್ನು ವಿವರವಾಗಿ ಹೇಳಬೇಕು. ಬೆಳಗಿನ ಹೊತ್ತೇ ಹೋಗಬೇಕು. ಸಂಜೆಗೆ ಮೆದುಳು ದಣಿದು ಇದ್ದ ಪದವೂ ಸಿಗುವುದಿಲ್ಲ. ಇಪ್ಪತ್ತು ನಿಮಿಷ ಸಾಕು. ಟಿವಿ, ಫ್ಯಾನಿನ ಸದ್ದು ನಿಲ್ಲಿಸಿ, ಮುಖ ಕಾಣುವಂತೆ ಎದುರಿಗೆ, ಕಣ್ಣಿನ ಮಟ್ಟದಲ್ಲಿ ಕೂರಬೇಕು. ಒಂದು ವಾಕ್ಯಕ್ಕೆ ಒಂದೇ ವಿಷಯ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುವ ತನಕ ಬಾಯಿ ತೆರೆಯಬಾರದು; ಈ ಹತ್ತೆಣಿಕೆಯಷ್ಟು ಕಷ್ಟದ್ದು ಯಾವುದೂ ಅಲ್ಲ. ಮಾತಿನ ಜೊತೆ ಮುಖ್ಯ ಪದವನ್ನು ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆಯಬೇಕು. ‘ಹೌದು’ ಎಂದ ಮಾತ್ರಕ್ಕೆ ನಂಬಬಾರದು, ಬ್ರೋಕಾ ಬಗೆಯವರ ಬಾಯಲ್ಲಿ ಹೌದು–ಇಲ್ಲ ಅದಲುಬದಲಾಗುತ್ತವೆ. ಹೆಬ್ಬೆರಳು ಮೇಲೆ, ಕೆಳಗೆ ಎಂದು ತೋರಿಸಲು ಹೇಳಿ, ಅದೇ ಪ್ರಶ್ನೆಯನ್ನು ತಿರುವುಹಾಕಿ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಳ್ಳಬೇಕು. ಅರ್ಥವಾಗದಿದ್ದರೆ ಆದಂತೆ ನಟಿಸಬಾರದು. “ನನಗೆ ತಿಳೀಲಿಲ್ಲ ಅಣ್ಣ, ಆಮೇಲೆ ಮತ್ತೆ ನೋಡೋಣ” ಎನ್ನುವುದೇ ಮರ್ಯಾದೆ.

ಕಿವುಡನೂ ತೊದಲನೂ ಆಗಿದ್ದವನನ್ನು ಯೇಸು ಗುಂಪಿನಿಂದ ಪಕ್ಕಕ್ಕೆ ಕರೆದೊಯ್ದು, ಕಿವಿ ಮುಟ್ಟಿ, ನಾಲಿಗೆ ಮುಟ್ಟಿ, ನಿಟ್ಟುಸಿರುಬಿಟ್ಟದ್ದು ಮಾರ್ಕ 7ರಲ್ಲಿದೆ. ಮಾತು ತಲುಪದವನಿಗೆ ಸನ್ನೆ, ಸ್ಪರ್ಶ, ಏಕಾಂತ. ಥೆರಪಿಸ್ಟ್ ಹೇಳಿದ್ದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ಪ್ರಾರ್ಥನೆ ಬೇಡ ಎಂಬ ಆಯ್ಕೆ

ಕೂರುವವರು ಪ್ರತಿ ಸಲವೂ ಕಾಗದದ ಮೇಲೆ ‘ಯಾವುದಕ್ಕೆ ಪ್ರಾರ್ಥಿಸಲಿ?’ ಎಂದು ಬರೆದು, ಕೆಳಗೆ ನಿದ್ದೆ, ನೋವು, ಕೋಪ, ಅಕ್ಕ ಎಂದು ಆಯ್ಕೆಗಳನ್ನಿಡುತ್ತಿದ್ದರು. ಹಿರಿಯರು ಯಾವುದನ್ನೂ ಮುಟ್ಟದೆ ಕಾಗದ ತಳ್ಳಿದರು. ‘ಬೇರೆ’ ಎಂಬುದನ್ನು ಸೇರಿಸಿದರು, ಅದನ್ನೂ ತಳ್ಳಿದರು. ಥೆರಪಿಸ್ಟ್ ಆ ಕಾಗದ ನೋಡಿ, ಇದರಲ್ಲಿ ಬೇಡ ಎನ್ನಲು ಜಾಗವೇ ಇಲ್ಲವಲ್ಲ ಎಂದರು. ಮುಂದಿನ ಸಲ ‘ಇವತ್ತು ಪ್ರಾರ್ಥನೆ ಬೇಡ’ ಎಂದು ಸೇರಿಸಿದೊಡನೆ ಹಿರಿಯರ ಎಡಗೈ ಬೆರಳು ನೇರ ಅಲ್ಲಿಗೆ ಹೋಯಿತು. ಮೂರು ವಾರ ಹಾಗೇ ನಡೆಯಿತು.

ಸಮಿತಿಯಲ್ಲಿ ಕಳವಳ ಎದ್ದಿತು. ಪ್ರಾರ್ಥನೆಯೇ ಬೇಡ ಎನ್ನುವವರ ಮನೆಗೆ ಹೋಗಿ ನಾವು ಮಾಡುವುದೇನು? ಕೂರುವವರು ಬಿಡಲಿಲ್ಲ. ಪ್ರಾರ್ಥನೆ ಬೇಡವೆಂದ ದಿನವೂ ಇಪ್ಪತ್ತು ನಿಮಿಷ ಪೂರ್ತಿ ಕೂತು, ದಿನಪತ್ರಿಕೆಯ ಚಿತ್ರ ನೋಡಿ, ಗಡ್ಡ ಬೋಳಿಸಿಕೊಟ್ಟು ಬಂದರು. ನಾಲ್ಕನೆಯ ವಾರ ಹಿರಿಯರೇ ಬೈಬಲ್ ಎಳೆದುಕೊಂಡು ಎಡಗೈಯಲ್ಲಿ ತಡಕಾಡಿ ಹದಿಮೂರನೆಯ ಕೀರ್ತನೆ ತೆಗೆದು ಬೆರಳಿಟ್ಟರು. ಎಷ್ಟರ ತನಕ ಮರೆತಿರುವಿ ಎಂದು ದಾವೀದನು ದೇವರನ್ನೇ ಕೇಳುವ ಕೀರ್ತನೆ ಅದು. ಅಷ್ಟು ದಿನ ಅವರ ಮುಂದೆ ಓದಿದ್ದೆಲ್ಲ ಜಯದ ವಚನಗಳಾಗಿದ್ದವು. ಭಾರವಾದ ಮನಸ್ಸಿನವನ ಮುಂದೆ ಹಾಡುವುದು ಚಳಿಯಲ್ಲಿ ಬಟ್ಟೆ ಕಿತ್ತುಕೊಂಡ ಹಾಗೆ ಎಂದು ಜ್ಞಾನೋಕ್ತಿ 25:20 ಹೇಳಿದರೂ ಧೈರ್ಯ ಹೇಳುವುದೆಂದರೆ ಗೆಲುವಿನ ಮಾತೇ ಎಂಬ ಅಭ್ಯಾಸ ಬಲವಾದದ್ದು.

ಅಕ್ಕನಿಗೂ ಇದು ದಾರಿಯಾಯಿತು. ಅವರು ಕೊಂಡಿಯಾಗಿದ್ದ ಹೆಂಗಸಿನ ಜೊತೆ ಎಂಬತ್ತೆಂಟನೆಯ ಕೀರ್ತನೆ ಓದಿದರು; ಬೇರೆ ಪ್ರಲಾಪ ಕೀರ್ತನೆಗಳ ಹಾಗೆ ಕೊನೆಗೆ ಸ್ತುತಿಗೆ ತಿರುಗದೆ ಕತ್ತಲೆಯಲ್ಲೇ ಮುಗಿಯುವ ಕೀರ್ತನೆ. ಆ ಹೆಂಗಸು ಅದಕ್ಕೆ ವ್ಯಾಖ್ಯಾನ ಸೇರಿಸಲಿಲ್ಲ.

ಹಾಡು, ಬೈಗುಳ, ಪವಾಡದ ಸುದ್ದಿ

ಈ ಭೇಟಿಗಳ ಎಂಟನೆಯ ವಾರ ಹಿರಿಯರು ಹಾಡಿದರು. ಪಕ್ಕದ ಕೋಣೆಯಲ್ಲಿ ಮಗುವೊಂದು ಗುನುಗುತ್ತಿದ್ದ ಸಭೆಯ ಹಾಡಿಗೆ ಪದ ಸಮೇತ ದನಿಗೂಡಿಸಿದರು. ಕೂರುವವರು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಕರ್ತನ ಪ್ರಾರ್ಥನೆ ಶುರುಮಾಡಿದಾಗ ಕೊನೆಯ ಆಮೆನ್ ತನಕ ಜೊತೆಗೆ ಹೇಳಿದರು. ಮನೆಗೆ ಬಂದಿದ್ದ ಬಂಧುವೊಬ್ಬರು ಅದನ್ನು ಮೊಬೈಲಿನಲ್ಲಿ ಚಿತ್ರಿಸಿ, ‘ಮಾತು ಬಂತು, ಸ್ತೋತ್ರ!’ ಎಂದು ಬರೆದು ಕಳಿಸುವುದರಲ್ಲಿದ್ದರು. ಸುದ್ದಿಯೆಲ್ಲ ತಮ್ಮ ಮೂಲಕವೇ ಹೋಗಬೇಕೆಂಬ ನಿಯಮ ಹಿಡಿದು ಆ ಹೆಂಗಸು ತಡೆದರು.

ತಡೆದದ್ದು ಸರಿಯಾಯಿತು. ಹಾಡು, ಬಾಯಿಪಾಠದ ಪ್ರಾರ್ಥನೆ, ಒಂದರಿಂದ ಹತ್ತರ ಎಣಿಕೆ, ವಾರದ ಹೆಸರುಗಳು, ಬೈಗುಳ ಎಲ್ಲ ಹೊಸದಾಗಿ ವಾಕ್ಯ ಕಟ್ಟುವ ದಾರಿಯಲ್ಲಿ ಬರುವುದಿಲ್ಲ. ಇಡಿಯಾಗಿ, ತಾವಾಗಿ ಹೊರಡುತ್ತವೆ. ಎಡಭಾಗ ಪೆಟ್ಟು ತಿಂದರೂ ಇವು ಎಷ್ಟೋ ಜನರಲ್ಲಿ ಉಳಿಯುತ್ತವೆ. ‘ಯೆಹೋವನು ನನಗೆ ಕುರುಬನು’ ಎಂದು ಹಿರಿಯರು ಕೀರ್ತನೆ ಶುರುಮಾಡಿ ನೀರುಗಳ ಬಳಿಗೆ ಕರೆದೊಯ್ಯುವ ಸಾಲನ್ನೂ ಹೇಳಬಲ್ಲರು. ಬಾಯಾರಿದಾಗ ನೀರು ಬೇಕೆಂದು ಕೇಳಲಾರರು. ಇದು ತಿಳಿಯದೆ ಸುದ್ದಿ ಹರಡಿದ್ದರೆ, ಹಾಡಲು ಬರುವವರಿಗೆ ಮಾತಾಡಲು ಏನು ಕಷ್ಟ ಎಂಬ ಪ್ರಶ್ನೆ ಮರುದಿನವೇ ಎದುರಾಗುತ್ತಿತ್ತು. ಹಾಡು ಉಳಿದಿರುವುದನ್ನು ಬಳಸಿಕೊಂಡು ಮಾತು ಮರಳಿಸಲು ಯತ್ನಿಸುವ ಸ್ವರಾಧಾರಿತ ಚಿಕಿತ್ಸೆಯೊಂದು 1973ರಿಂದ ಇದೆ: ಚಿಕ್ಕ ಉಪಯುಕ್ತ ವಾಕ್ಯವನ್ನು ಏರಿಳಿತದಲ್ಲಿ ಹೇಳಿಸುತ್ತ ಎಡಗೈಯಿಂದ ತಾಳ ತಟ್ಟಿಸುವುದು. ಅದು ಥೆರಪಿಸ್ಟ್ ಮಾಡುವ ಕೆಲಸ. ಸಭೆಯವರು ಮಾಡಬಹುದಾದ್ದು ಹಳೆಯ ಹಾಡನ್ನು ನಿಧಾನವಾಗಿ, ಒಂದೇ ಶ್ರುತಿಯಲ್ಲಿ ಹಾಡಿ, ಸಾಲಿನ ಕೊನೆಯ ಪದವನ್ನು ಅವರಿಗೆ ಬಿಡುವುದು.

ಬೈಗುಳದ ವಿಷಯವೂ ಈಗ ಬಿಡಿಸಿತು. ಹಿರಿಯರ ಒಪ್ಪಿಗೆಯನ್ನು ಹೆಬ್ಬೆರಳಿನಲ್ಲಿ ಎರಡು ಸಲ ಕೇಳಿಕೊಂಡು, ಸಭಾಪಾಲಕರು ಭಾನುವಾರ ಆರಾಧನೆಯ ಕೊನೆಗೆ ಐದು ನಿಮಿಷ ಅಫೇಸಿಯಾ ಎಂದರೇನು, ಪ್ರಾರ್ಥನೆಯೂ ಬೈಗುಳವೂ ಒಂದೇ ದಾರಿಯಲ್ಲಿ ಯಾಕೆ ಬರುತ್ತವೆ, ಸ್ವಾಧೀನ ತಪ್ಪಿದ ತೋಳು ಎಳೆದರೆ ಏನಾಗುತ್ತದೆ ಎಂದು ಹೇಳಿದರು. ಬೈಗುಳ ನಾಲಿಗೆಯ ಮೇಲೆ ಬಂದ ಮಾತ್ರಕ್ಕೆ ಹೃದಯದ ಪಾಪ ಎನ್ನಲಾಗದಿದ್ದರೆ, ಬಾಯಿಪಾಠದ ಕರ್ತನ ಪ್ರಾರ್ಥನೆಯನ್ನೂ ಹೃದಯದ ಪುಣ್ಯ ಎನ್ನಲಾಗುವುದಿಲ್ಲ ಎಂದದ್ದು ಕೆಲವರಿಗೆ ಹಿಡಿಸಲಿಲ್ಲ. ಗುಸುಗುಸು ಮಾತ್ರ ನಿಂತಿತು.

ಕರ್ತನ ಭೋಜನ

ಕ್ರಿಸ್ತನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಈ ವಿಧಿ ಚಿಕ್ಕ ವಿಷಯವಾಗಿ ಕಂಡರೂ ಹಿರಿಯರಿಗೆ ಎಲ್ಲಕ್ಕಿಂತ ದೊಡ್ಡದಾಗಿತ್ತು. ಬಾಯಿಯ ಮೂಲಕ ಏನೂ ಕೊಡಬಾರದಿದ್ದ ವಾರಗಳಲ್ಲಿ ಸಭಾಪಾಲಕರು ರೊಟ್ಟಿಯ ತುಂಡನ್ನು ಅವರ ಎಡಗೈಯಲ್ಲಿಟ್ಟು ವಾಕ್ಯ ಓದಿ ಹಿಂತಿರುಗಿ ತೆಗೆದುಕೊಂಡರು. ಇದು ಹೊಸತೇನಲ್ಲ: ಕಾಯಿಲೆಯ ತೀವ್ರತೆಯಿಂದ ತಿನ್ನಲಾರದವನು ನಂಬಿಕೆಯಿಂದಲೇ ಕ್ರಿಸ್ತನ ಶರೀರ, ರಕ್ತಗಳಲ್ಲಿ ಪಾಲುಗೊಳ್ಳುತ್ತಾನೆಂದು 1662ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕ ರೋಗಿಗಳ ಭೋಜನದ ಕ್ರಮದಲ್ಲೇ ಹೇಳುತ್ತದೆ. ಕಥೋಲಿಕ ಸಭೆಯ ನಿಯಮಾವಳಿಯ 925ನೆಯ ಕಟ್ಟಳೆ, ಅಗತ್ಯಬಿದ್ದರೆ ದ್ರಾಕ್ಷಾರಸ ಒಂದನ್ನೇ ಕೊಡಲು ಒಪ್ಪುತ್ತದೆ. ನುಂಗುವ ತೊಂದರೆಯಿದ್ದಾಗ ಆ ದ್ರವವೂ ಅಪಾಯವೇ ಎಂಬುದನ್ನು ಮಾತ್ರ ಥೆರಪಿಸ್ಟ್ ಹತ್ತಿರ ಕೇಳಿಯೇ ತೀರ್ಮಾನಿಸಬೇಕು. ಮುಂದೆ ಮೆದುವಾದದ್ದನ್ನು ಕೊಡಬಹುದೆಂದಾಗ, ರೊಟ್ಟಿಯ ಕಣವನ್ನು ಮಂದಗೊಳಿಸಿದ ದ್ರಾಕ್ಷಾರಸದಲ್ಲಿ ಪೂರ್ತಿ ನೆನೆಸಿ ಹಿಸುಕಿ ಅರ್ಧ ಟೀ ಚಮಚೆಯಷ್ಟು ಕೊಟ್ಟರು. ಬೆನ್ನು ನೆಟ್ಟಗೆ ಕೂರಿಸಿ, ನುಂಗಿದ ಮೇಲೆ ಬಲಗೆನ್ನೆಯೊಳಗೆ ಉಳಿದಿದೆಯೇ ನೋಡಿ, ಅರ್ಧ ಗಂಟೆ ಮಲಗಿಸಲಿಲ್ಲ. ಆ ಹೊತ್ತಿನಲ್ಲಿ ಹಾಡಿಸಲೂ ಇಲ್ಲ.

ನಾಲ್ಕನೆಯ ತಿಂಗಳು

ಮೊದಲ ಮೂರು ತಿಂಗಳಲ್ಲಿ ಚೇತರಿಕೆಯ ವೇಗ ಹೆಚ್ಚು, ಆಮೇಲೆ ನಿಧಾನವಾಗುತ್ತದೆ. ಇನ್ನು ಇಷ್ಟೇ ಏನೋ ಎಂಬುದು ರೋಗಿಗೆ ತಿಳಿಯುವ ಹೊತ್ತಿಗೇ ಬರುವವರು ಕಡಿಮೆಯಾಗಿರುತ್ತಾರೆ. ಹಿರಿಯರು ವ್ಯಾಯಾಮ ಬಿಟ್ಟರು, ಗೋಡೆಯ ಕಡೆ ತಿರುಗಿ ಮಲಗಿದರು. ಪಾರ್ಶ್ವವಾಯುವಿನ ನಂತರ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಮಾತಿಲ್ಲದವರಲ್ಲಿ ಅದನ್ನು ಕಂಡುಹಿಡಿಯುವುದು ಕಷ್ಟ.

ಕೂರುವವರು ನೇರ ಕೇಳಿದರು. ಆತ್ಮಹತ್ಯೆಯ ಬಗ್ಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಸುಳ್ಳು. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ. ಕಾಗದದ ಮೇಲೆ ಒಂದೊಂದೇ ಬರೆದರು: ‘ಬದುಕು ಸಾಕು ಅನ್ನಿಸುತ್ತಿದೆಯೇ?’ ಹೆಬ್ಬೆರಳು ಮೇಲೆ. ‘ಸಾಯಬೇಕೆಂಬ ಯೋಚನೆ?’ ಮೇಲೆ. ‘ಹೇಗೆ ಎಂದೂ ಯೋಚಿಸಿದ್ದೀರಾ?’ ಹಿರಿಯರು ಮಾತ್ರೆಗಳ ಡಬ್ಬಿಯ ಕಡೆ ನೋಡಿದರು.

ಮುಂದಿನ ನಡೆ ಈ ಪ್ರಕರಣದ ಅತ್ಯಂತ ಸರಿಯಾದ ತೀರ್ಮಾನ. ಕೂರುವವರು ಗುಟ್ಟು ಕಾಪಾಡುತ್ತೇನೆಂದು ಮಾತು ಕೊಡಲಿಲ್ಲ. “ಇದನ್ನ ಅಕ್ಕನಿಗೂ ಡಾಕ್ಟರಿಗೂ ಹೇಳಲೇಬೇಕು ಅಣ್ಣ. ನಿಮ್ಮ ಎದುರಿಗೇ ಹೇಳ್ತೀನಿ. ಅವರು ಬರೋ ತನಕ ಇಲ್ಲೇ ಇರ್ತೀನಿ” ಎಂದು ಹೇಳಿ ಹಾಗೇ ಮಾಡಿದರು. ಮಾತ್ರೆಗಳು ಅಂದೇ ಬೀಗದೊಳಗೆ ಹೋದವು, ದಿನದ ಪಾಲು ಮಾತ್ರ ಹೊರಗೆ. ವೈದ್ಯರು ಖಿನ್ನತೆಗೆ ಔಷಧ ಶುರುಮಾಡಿದರು. ಅದು ಕೆಲಸ ಮಾಡಲು ಕೆಲವು ವಾರ ಬೇಕು, ಆ ನಡುವಿನ ವಾರಗಳಲ್ಲಿ ಭೇಟಿ ದಿನಕ್ಕೊಂದಾಯಿತು.

ಔಷಧ ತೆಗೆದುಕೊಂಡರೆ ನಂಬಿಕೆ ಕಡಿಮೆ ಎಂದಂತಲ್ಲವೇ ಎಂದು ಸಮಿತಿಯ ಒಬ್ಬರು ಕೇಳಿದರು. ಸಭಾಪಾಲಕರು 1 ಅರಸು 19 ಓದಲು ಹೇಳಿದರು. ಸಾಕು, ಪ್ರಾಣ ತೆಗೆದುಬಿಡು ಎಂದ ಪ್ರವಾದಿ ಎಲೀಯನಿಗೆ ದೇವರು ಮೊದಲು ಕೊಟ್ಟದ್ದು ನಿದ್ದೆ, ರೊಟ್ಟಿ, ನೀರು. ಮತ್ತೆ ನಿದ್ದೆ, ಮತ್ತೆ ರೊಟ್ಟಿ. ಇಲ್ಲೇನು ಮಾಡುತ್ತೀ ಎಂಬ ಪ್ರಶ್ನೆ ಬಂದದ್ದು ನಲವತ್ತು ದಿನ ನಡೆದು ಹೋರೇಬಿಗೆ ಮುಟ್ಟಿದ ಮೇಲೆ.

ವರ್ಷದ ಕೊನೆಗೆ

ಹಿರಿಯರು ಕೋಲು ಹಿಡಿದು ನಡೆಯುತ್ತಾರೆ. ಬಲಗೈ ಮರಳಲಿಲ್ಲ, ಎಳೆದ ಭುಜದ ನೋವು ತಿಂಗಳುಗಟ್ಟಲೆ ಉಳಿದು ಫಿಸಿಯೋಥೆರಪಿಯನ್ನು ಹಿಂದೆ ಹಾಕಿತು. ಸ್ವಂತವಾಗಿ ಮೂವತ್ತರಷ್ಟು ಪದ ಬರುತ್ತವೆ, ಎಲ್ಲ ಹೊತ್ತಿನಲ್ಲೂ ಅಲ್ಲ. ತರಗತಿ ನಡೆಸುವುದು ಆಗುವುದಿಲ್ಲವೆಂದು ಅವರೇ ಒಪ್ಪಿಕೊಂಡಿದ್ದಾರೆ. ಸಭೆಯ ಮುಂದೆ ದೇವರು ಮಾಡಿದ್ದರ ಸಾಕ್ಷಿ ಹೇಳಿಸಬೇಕೆಂಬ ಒತ್ತಾಯವನ್ನು ಅಕ್ಕ ಎರಡು ಸಲ ನಿರಾಕರಿಸಿದರು. ಕಷ್ಟ ನಡೆಯುತ್ತಿರುವಾಗಲೇ ಅದರ ಗೆಲುವಿನ ಕಥೆ ಹೇಳಿಸುವುದು ಸಭೆಗಳ ಒಂದು ದುರಭ್ಯಾಸ, ಅದನ್ನು ಅಕ್ಕ ತಡೆದದ್ದು ಮೆಚ್ಚಬೇಕಾದ್ದು. ಜಕರೀಯನ ಮಾತೆತ್ತಿದವರು ಮತ್ತೆ ಮನೆಗೆ ಬರಲಿಲ್ಲ. ಆ ಸಂಬಂಧ ಸರಿಹೋಗಿಲ್ಲ. ಉಪವಾಸ ಪ್ರಾರ್ಥನೆಯ ಗುಂಪಿನ ಇಬ್ಬರು ಭುಜದ ವಿಷಯಕ್ಕೆ ಕ್ಷಮೆ ಕೇಳಿದರು, ಉಳಿದವರು ಕೇಳಲಿಲ್ಲ.

ಹತ್ತನೆಯ ತಿಂಗಳಿನಿಂದ ಹಿರಿಯರು ಕೂರುವವರ ಜೊತೆ ಬೇರೆ ರೋಗಿಗಳ ಮನೆಗೂ ಹೋಗುತ್ತಿದ್ದಾರೆ. ಇದು ಅವರ ಉತ್ಸಾಹ ಹೆಚ್ಚಿಸಲು ಮಾಡಿದ ಏರ್ಪಾಡಲ್ಲ. ಪಾರ್ಶ್ವವಾಯು ಬಡಿದ ಇನ್ನೊಬ್ಬರ ಹೆಂಡತಿ ಕೇಳಿದ್ದರಿಂದ ಆದದ್ದು. ತಮಗಾದ ಆದರಣೆಯಿಂದಲೇ ಬೇರೆಯವರನ್ನು ಆದರಿಸುವ ಶಕ್ತಿ ಬರುತ್ತದೆಂದು ಪೌಲನು 2 ಕೊರಿಂಥ 1:4ರಲ್ಲಿ ಬರೆದದ್ದನ್ನು ಯಾರೂ ನೆನಪಿಸಬೇಕಾಗಲಿಲ್ಲ. ಹಿರಿಯರು ಅಲ್ಲಿ ಹೋಗಿ ಎಡಗೈಯಲ್ಲಿ ಕೈಹಿಡಿದು ಕೂರುತ್ತಾರೆ, ಹತ್ತು ಎಣಿಸದೆಯೇ ಕಾಯಬಲ್ಲರು.

ಈ ಏರ್ಪಾಡನ್ನು ಬೇರೆ ಕಡೆ ಹಾಗೇ ಇಳಿಸುವ ಮುನ್ನ ಎರಡು ವಿಷಯ ನೋಡಬೇಕು. ಅಫೇಸಿಯಾದಲ್ಲಿ ವರ್ನಿಕೆ ಎಂಬ ಇನ್ನೊಂದು ಬಗೆಯಿದೆ: ಮಾತು ಸರಾಗ ಹರಿಯುತ್ತದೆ, ಅರ್ಥವಿರುವುದಿಲ್ಲ, ಎದುರಿನವರ ಮಾತೂ ಸರಿಯಾಗಿ ತಿಳಿಯುವುದಿಲ್ಲ. ಅಲ್ಲಿ ಹೌದು–ಇಲ್ಲ ಪ್ರಶ್ನೆ, ಬರೆದ ಆಯ್ಕೆಗಳು ಅಷ್ಟಾಗಿ ನಡೆಯುವುದಿಲ್ಲ. ಸನ್ನೆ, ವಸ್ತು, ಚಿತ್ರ ತೋರಿಸಿ ಮಾತು ಕಡಿಮೆ ಮಾಡಬೇಕು, ಯಾವುದು ಹೊಂದುತ್ತದೆಂದು ಥೆರಪಿಸ್ಟ್ ಹೇಳಬೇಕು. ಇನ್ನೊಂದು, ಇಲ್ಲಿ ಅಕ್ಕ ಇದ್ದರು. ಒಬ್ಬರೇ ಇರುವ ರೋಗಿಯ ಮನೆಗೆ ನಾಲ್ವರು ಸಾಲುವುದಿಲ್ಲ. ಔಷಧ ಕೊಡುವವರು, ರಾತ್ರಿ ಇರುವವರು, ಸಹಿ ಹಾಕುವ ಅಧಿಕಾರವುಳ್ಳವರು ಯಾರೆಂದು ಮೊದಲ ವಾರದಲ್ಲೇ ಬರೆದಿಡಬೇಕು. ಅದಾಗದಿದ್ದರೆ ಸಭೆ ಭೇಟಿಯ ಪಟ್ಟಿ ಹಾಕುವ ಬದಲು ಆಸ್ಪತ್ರೆಯ ಸಮಾಜಸೇವಾ ವಿಭಾಗದವರ ಜೊತೆ ಮೊದಲು ಕೂರುವುದು ಒಳ್ಳೆಯದು.